ಗುಂಡಿಗೆ ನಂಬಿರುವ ಕ್ಯಾಲ್ಸಿಯಂ

ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಾಗಲಿ, ಹರಿಹರದ ತಾಲ್ಲೂಕು ಆಸ್ಪತ್ರೆಯಾಗಲಿ, ವಾಂತಿಭೇದಿಯಿಂದ ಬಳಲಿ ಬಂದವರಿಗೆ ಹಾಕುವ ಡ್ರಿಪ್ ಬಾಟಲಿಗಳಲ್ಲಿ ರಿಂಗರ್ ಲ್ಯಾಕ್ಟೇಟ್ ಎಂಬುದೂ ಒಂದು. ಈ ಹೆಸರಿಗೆ ಕಾರಣರಾದ ಸಿಡ್ನಿ ರಿಂಗರ್ ಲಂಡನ್ನಿನ ವೈದ್ಯ. 1880ರ ದಶಕದ ಆರಂಭದಲ್ಲಿ ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪಿನ ದ್ರಾವಣದಲ್ಲಿಟ್ಟು, ಅದು ಎಷ್ಟು ಹೊತ್ತು ಮಿಡಿಯುತ್ತದೆ ಎಂದು ನೋಡುತ್ತಿದ್ದರು. ನಲ್ಲಿ ನೀರಿನಲ್ಲಿ ಕಲಸಿದ ದ್ರಾವಣದಲ್ಲಿ ಹೃದಯ ಚೆನ್ನಾಗಿಯೇ ಬಡಿದುಕೊಂಡಿತು. ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿದಾಗ ಬೇಗನೆ ಸೋತು ನಿಂತಿತು. ನಲ್ಲಿ ನೀರಿನಲ್ಲಿದ್ದು ಭಟ್ಟಿ ನೀರಿನಲ್ಲಿ ಇಲ್ಲದ್ದು ಕ್ಯಾಲ್ಸಿಯಂ. ಇವತ್ತಿಗೂ ಆ ಬಾಟಲಿಯ ಚೀಟಿಯಲ್ಲಿ ಸೋಡಿಯಂ, ಪೊಟ್ಯಾಷಿಯಂಗಳ ಜೊತೆ ಅದರ ಹೆಸರೂ ಇರುತ್ತದೆ.

ಕ್ಯಾಲ್ಸಿಯಂ ಎಂದರೆ ನಮಗೆ ಮೂಳೆ, ಹಲ್ಲು, ಹಾಲು ನೆನಪಾಗುತ್ತವೆ. ಹೃದಯದ ಜೀವಕೋಶಕ್ಕೆ ಅದು ಅಪ್ಪಣೆ. ಎರಡು ಮಿಡಿತಗಳ ನಡುವೆ ಕೋಶದೊಳಗಿನ ಬಿಡಿ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ ಇರುತ್ತದೆ. ವಿದ್ಯುತ್ ಅಲೆಯೊಂದು ಬಂದು ಮುಟ್ಟಿದೊಡನೆ ಕೋಶಪೊರೆಯ ಬಾಗಿಲುಗಳು ತೆರೆದು ಚೂರು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶದೊಳಗೇ ಕ್ಯಾಲ್ಸಿಯಂ ತುಂಬಿಟ್ಟ ಚೀಲಗಳಿವೆ. ಒಳಬಂದ ಚೂರು ಆ ಚೀಲಗಳ ಬಾಯಿ ಬಿಡಿಸುತ್ತದೆ, ಸ್ನಾಯುವಿನ ಎಳೆಗಳು ಬಿಗಿಯುತ್ತವೆ, ರಕ್ತ ಮುಂದಕ್ಕೆ ಚಿಮ್ಮುತ್ತದೆ. ಮರುಕ್ಷಣ ಕ್ಯಾಲ್ಸಿಯಂ ಅಷ್ಟನ್ನೂ ಪಂಪುಗಳು ಚೀಲಕ್ಕೂ ಹೊರಕ್ಕೂ ಎತ್ತಿ ಹಾಕಬೇಕು. ಇಲ್ಲದಿದ್ದರೆ ಹೃದಯ ಸಡಿಲಗೊಳ್ಳುವುದಿಲ್ಲ, ಮತ್ತೆ ರಕ್ತ ತುಂಬಿಕೊಳ್ಳುವುದಿಲ್ಲ. ದಿನಕ್ಕೆ ಸುಮಾರು 1 ಲಕ್ಷ ಸಲ ನಡೆಯುವ ಕೆಲಸ ಇದು.

ಎಷ್ಟು ಜೋರಾಗಿ, ಎಷ್ಟು ಬೇಗ ಎಂದು ತೀರ್ಮಾನಿಸುವವರು ಯಾರು? ಹಳೇ ಪಿ.ಬಿ. ರಸ್ತೆ ದಾಟುವಾಗ ಲಾರಿಯೊಂದು ಮೈಮೇಲೆ ಬಂದಂತಾದರೆ ಎದೆ ಢವಢವ ಹೊಡೆದುಕೊಳ್ಳುತ್ತದಲ್ಲ, ಆಗ ರಕ್ತಕ್ಕೆ ಬಿಡುಗಡೆಯಾದ ಅಡ್ರಿನಲಿನ್ ಹೃದಯದ ಕೋಶದೊಳಗೆ ಕಾಲಿಡುವುದೇ ಇಲ್ಲ. ಪೊರೆಯ ಮೇಲಿರುವ ಬೀಟಾ ಗ್ರಾಹಿಯನ್ನು ಮುಟ್ಟುತ್ತದೆ, ಅಷ್ಟೆ. ಆ ಗ್ರಾಹಿ ಪಕ್ಕದ ಪ್ರೊಟೀನನ್ನು ಎಬ್ಬಿಸುತ್ತದೆ, ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುಗಳನ್ನು ಹೇರಳವಾಗಿ ತಯಾರಿಸುತ್ತದೆ. ಭದ್ರಾ ನಾಲೆಯ ತೂಬನ್ನು ಒಬ್ಬ ಸೌಡಿ ಎತ್ತಿದರೆ ಸಾವಿರಾರು ಗದ್ದೆಗಳಿಗೆ ನೀರು ಹರಿಯುವ ಹಾಗೆ, ಬೆರಳೆಣಿಕೆಯ ಅಡ್ರಿನಲಿನ್ ಅಣುಗಳ ಸುದ್ದಿ ಒಳಗೆ ಹಿಗ್ಗುತ್ತಾ ಹೋಗುತ್ತದೆ. ಕ್ಯಾಲ್ಸಿಯಂ ಬಾಗಿಲುಗಳು ಹೆಚ್ಚು ತೆರೆಯುತ್ತವೆ, ಪಂಪುಗಳೂ ಚುರುಕಾಗುತ್ತವೆ. ಈ ಎರಡನೆಯ ಮಾತು ಮುಖ್ಯ. ಬೇಗ ಬಿಗಿಯುವ ಹೃದಯ ಬೇಗ ಸಡಿಲಗೊಳ್ಳಲೂ ಬೇಕು, ಒಂದೇ ಸಂದೇಶ ಎರಡನ್ನೂ ನೋಡಿಕೊಳ್ಳುತ್ತದೆ. ಸೈಕ್ಲಿಕ್ ಎಎಂಪಿಯನ್ನು 1950ರ ದಶಕದಲ್ಲಿ ಕಂಡುಹಿಡಿದ ಅರ್ಲ್ ಸದರ್ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು. ಬೀಟಾ ಗ್ರಾಹಿಗೆ ಅಡ್ಡ ನಿಲ್ಲುವ ಮಾತ್ರೆ ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರೂ 1988ರಲ್ಲಿ ಆ ಪ್ರಶಸ್ತಿ ಪಡೆದವರಲ್ಲೊಬ್ಬರು. ನಮ್ಮ ಮನೆಗಳ ಹಿರಿಯರು ನುಂಗುವ ಅಟೆನೊಲಾಲ್, ಮೆಟೊಪ್ರೊಲಾಲ್ ಈ ಬಳಗದವೇ. ಗ್ರಾಹಿಗಳನ್ನು ಬಹುಕಾಲ ಮುಚ್ಚಿಟ್ಟರೆ ಕೋಶ ಹೊಸ ಗ್ರಾಹಿಗಳನ್ನು ಬೆಳೆಸಿಕೊಳ್ಳುತ್ತದೆ. ಆದ್ದರಿಂದಲೇ ಇವನ್ನು ತಟ್ಟನೆ ನಿಲ್ಲಿಸಿದರೆ ಅಪಾಯ.

ಇಷ್ಟೊಂದು ಕಟ್ಟುನಿಟ್ಟಿನ ಸರಪಳಿಯನ್ನು ದಾಟಿ, ನೇರವಾಗಿ ಕ್ಯಾಲ್ಸಿಯಮ್ಮಿಗೆ ಕೈಹಾಕುವ ಗಿಡವೊಂದು ನಮ್ಮ ಕಣ್ಣೆದುರೇ ಇದೆ: ಕಣಗಿಲೆ. ಹೆದ್ದಾರಿಗಳ ನಡುವೆ ಸಾಲಾಗಿ ನೆಡುತ್ತಾರೆ, ಅಂಗಳದಲ್ಲಿ ಬೆಳೆಸುತ್ತೇವೆ, ಶಿವನಿಗೆ ಏರಿಸುತ್ತೇವೆ. ಅದರ ಓಲಿಯಾಂಡ್ರಿನ್ ಎಂಬ ವಿಷ ಕೋಶದಿಂದ ಸೋಡಿಯಂ ಹೊರಹಾಕುವ ಪಂಪನ್ನು ಕಟ್ಟಿಹಾಕುತ್ತದೆ. ಒಳಗೆ ಸೋಡಿಯಂ ಏರಿದಂತೆ ಅದರ ಬದಲಿಗೆ ಹೊರಹೋಗಬೇಕಾದ ಕ್ಯಾಲ್ಸಿಯಂ ಒಳಗೇ ಉಳಿಯುತ್ತದೆ, ಮಿಡಿತದ ತಾಳ ತಪ್ಪುತ್ತದೆ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲಿ ಬರೆದ ಫಾಕ್ಸ್‌ಗ್ಲೋವ್ ಗಿಡದ ಔಷಧಿಯ ದಾರಿಯೂ ಇದೇ. ಅದೇ ಬಗೆಯ ಗಿಡದಿಂದ ಬಂದ ಡಿಗಾಕ್ಸಿನ್ ಇಂದಿಗೂ ಹೃದ್ರೋಗಿಗಳಿಗೆ ಮೈಕ್ರೊಗ್ರಾಂ ಲೆಕ್ಕದಲ್ಲಿ ಸಲ್ಲುತ್ತದೆ. ಅಷ್ಟು ಕಿರಿದು, ಮದ್ದಿಗೂ ವಿಷಕ್ಕೂ ನಡುವಿನ ಅಂತರ.

ಕಣಗಿಲೆಯ ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಕತ್ತರಿಸಿದ ಕೊಂಬೆಗಳನ್ನು ದನಕರು ಓಡಾಡುವ ಕಡೆ ಬಿಸಾಡಬೇಡಿ, ಎಲೆ ಬೇರುಗಳನ್ನು ಮನೆಮದ್ದೆಂದು ಅರೆದು ಕುಡಿಸಬೇಡಿ. ಮಕ್ಕಳು ಬಾಯಿಗೆ ಹಾಕಿಕೊಂಡರೆ ಲಕ್ಷಣಕ್ಕಾಗಿ ಕಾಯದೆ, ಆ ಎಲೆಯನ್ನೂ ಜೊತೆಗೆ ತೆಗೆದುಕೊಂಡು, ಇಸಿಜಿ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ.