ಸಾಕುನಾಯಿಗಳಲ್ಲಿ ಬೊಜ್ಜು

ಸಾಕುನಾಯಿಯ ದೇಹದಲ್ಲಿ ಕೊಬ್ಬು ಅತಿಯಾಗಿ ಶೇಖರಗೊಂಡು ಆರೋಗ್ಯಕ್ಕೆ ಹಾನಿಯುಂಟುಮಾಡುವ ಸ್ಥಿತಿಯನ್ನು ಬೊಜ್ಜು ಎನ್ನುತ್ತಾರೆ. ಆದರ್ಶ ತೂಕಕ್ಕಿಂತ ಶೇ. 10ರಿಂದ 20ರಷ್ಟು ಹೆಚ್ಚಿದ್ದರೆ ಅಧಿಕ ತೂಕವೆಂದೂ, ಅದನ್ನೂ ಮೀರಿದರೆ ಬೊಜ್ಜೆಂದೂ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. 10 ಕಿಲೋ ತೂಗಬೇಕಾದ ನಾಯಿಗೆ 2 ಕಿಲೋ ಹೆಚ್ಚುವುದೆಂದರೆ 60 ಕಿಲೋ ತೂಕದ ಮನುಷ್ಯನಿಗೆ 12 ಕಿಲೋ ಹೆಚ್ಚಿದಂತೆ. ಮನೆಯವರ ಕಣ್ಣಿಗೆ ಮಾತ್ರ ಅದು ಮೈಕೈ ತುಂಬಿಕೊಂಡ ನಾಯಿಯಾಗಿಯೇ ಕಾಣುತ್ತದೆ.

ಕಾರಣಗಳು

ಅತಿಯಾದ ಆಹಾರ ಮತ್ತು ವ್ಯಾಯಾಮದ ಕೊರತೆ ಮುಖ್ಯ ಕಾರಣಗಳು. ಊಟದ ತಟ್ಟೆಯಿಂದ ಹಾಕುವ ತುತ್ತು, ಚಹಾದ ಹೊತ್ತಿನ ಬಿಸ್ಕತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಆಹಾರದ ಅಗತ್ಯ ಕಡಿಮೆಯಾಗುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೂ ತೂಕ ಏರಬಹುದು. ಲ್ಯಾಬ್ರಡಾರ್ ತಳಿಯಲ್ಲಿ ವಂಶವಾಹಿಯ ಪಾತ್ರವೂ ಇದೆ. ಈ ತಳಿಯ ಸುಮಾರು ಕಾಲು ಭಾಗ ನಾಯಿಗಳಲ್ಲಿ ಪಿಓಎಂಸಿ ಎಂಬ ವಂಶವಾಹಿಯ ಒಂದು ತುಣುಕು ಲೋಪವಾಗಿದ್ದು, ಅಂತಹವುಗಳಿಗೆ ಆಹಾರದ ಆಸೆ ಹೆಚ್ಚೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಸದಾ ಹಸಿದಂತೆ ನೋಡುವ ನಾಯಿಯದು ಬರೀ ದುರಭ್ಯಾಸವೆಂದು ಗದರುವುದು ನ್ಯಾಯವಲ್ಲ.

ಆರೋಗ್ಯದ ಅಪಾಯಗಳು

ಬೊಜ್ಜಿನ ಭಾರ ಮೊದಲು ಬೀಳುವುದು ಕೀಲುಗಳ ಮೇಲೆ. ಸಂಧಿವಾತ ಉಲ್ಬಣಿಸುತ್ತದೆ, ಮೊಣಕಾಲಿನ ಅಸ್ಥಿರಜ್ಜು ಹರಿಯುವ ಸಂಭವ ಹೆಚ್ಚುತ್ತದೆ. ನೋವಿನಿಂದ ನಡಿಗೆ ಕಡಿಮೆಯಾಗುತ್ತದೆ, ನಡಿಗೆ ಕಡಿಮೆಯಾದಂತೆ ತೂಕ ಮತ್ತಷ್ಟು ಏರುತ್ತದೆ. ನಾಯಿಗಳು ಮುಖ್ಯವಾಗಿ ಏದುಸಿರಿನ ಮೂಲಕವೇ ಮೈಯ ಕಾವನ್ನು ಹೊರಹಾಕುವುದರಿಂದ, ಎದೆ ಮತ್ತು ಗಂಟಲಿನ ಸುತ್ತ ಕೊಬ್ಬು ಸೇರಿದ ನಾಯಿಗೆ ಬೇಸಿಗೆಯಲ್ಲಿ ಶಾಖಾಘಾತದ ಭಯವಿದೆ. ಪಗ್‌ನಂತಹ ಚಪ್ಪಟೆ ಮುಖದ ತಳಿಗಳಿಗೆ ಇದು ಪ್ರಾಣಾಂತಕವಾಗಬಲ್ಲದು. ಮೇದೋಜೀರಕ ಗ್ರಂಥಿಯ ಉರಿಯೂತ, ಚರ್ಮದ ಮಡಿಕೆಗಳಲ್ಲಿ ಸೋಂಕು, ಅರಿವಳಿಕೆಯ ವೇಳೆ ತೊಡಕು ಇತರ ಅಪಾಯಗಳು.

ಆಯುಷ್ಯದ ಕುರಿತು ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. 48 ಲ್ಯಾಬ್ರಡಾರ್ ನಾಯಿಗಳನ್ನು ಒಡಹುಟ್ಟಿದ ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ. 25ರಷ್ಟು ಕಡಿಮೆ ಆಹಾರ ಕೊಡಲಾಯಿತು. ಮಿತಾಹಾರದ ಗುಂಪಿನ ಮಧ್ಯಾಂಕ ಆಯುಷ್ಯ 13 ವರ್ಷ, ಇನ್ನೊಂದರದು 11.2 ವರ್ಷ. ಸಂಧಿವಾತಕ್ಕೆ ಚಿಕಿತ್ಸೆಯೂ ಮಿತಾಹಾರದವುಗಳಿಗೆ ತಡವಾಗಿ ಬೇಕಾಯಿತು. ಹೆಚ್ಚು ತಿಂದ ನಾಯಿಗಳು ವಿಪರೀತ ಬೊಜ್ಜಿನವೇನಲ್ಲ, ಸರಾಸರಿ ತುಸು ದಪ್ಪಗಿದ್ದವು ಅಷ್ಟೇ.

ಗುರುತಿಸುವಿಕೆ ಮತ್ತು ನಿಯಂತ್ರಣ

ಪಕ್ಕೆಲುಬುಗಳ ಮೇಲೆ ಅಂಗೈಯನ್ನು ಒತ್ತದೆ ಸವರಿದಾಗ ಅವು ಕೈಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಿರಿದಾಗಿ ಕಾಣಬೇಕು. ಒಮ್ಮೆಲೇ ಉಪವಾಸ ಕೆಡವುವುದು ಸಲ್ಲದು. ಪಶುವೈದ್ಯರ ಸಲಹೆಯಂತೆ ವಾರಕ್ಕೆ ದೇಹತೂಕದ ಶೇ. 1ರಿಂದ 2ರಷ್ಟು ಇಳಿಸುವುದು ಸುರಕ್ಷಿತ. ಆಹಾರವನ್ನು ಬಟ್ಟಲಿನ ಅಂದಾಜಿನಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಿ ಕೊಡಬೇಕು; ತಿನಿಸುಗಳು ದಿನದ ಕ್ಯಾಲೊರಿಯ ಶೇ. 10ನ್ನು ಮೀರಬಾರದು.