ಬಾಹ್ಯಾಕಾಶ ಧಾರಾವಾಹಿಗಳಲ್ಲಿ ಪಾತ್ರಗಳ ನಿರ್ಗಮನ: ಸಾವೂ ಅಗ್ಗವಾಗುವ ಅಪಾಯ

ಕಿರುತೆರೆಯ ಧಾರಾವಾಹಿಯೊಂದರ ಪ್ರಮುಖ ನಟ ಅರ್ಧದಲ್ಲೇ ಹೊರನಡೆದರೆ ಕಥೆಗಾರನ ಮುಂದಿರುವ ದಾರಿಗಳು ಸಾಮಾನ್ಯವಾಗಿ ಮೂರೇ. ಪಾತ್ರವನ್ನು ದೂರದ ಊರಿಗೆ ಕಳುಹಿಸಬೇಕು, ಸಾಯಿಸಬೇಕು, ಇಲ್ಲವೇ ಬೇರೊಬ್ಬ ನಟನನ್ನು ಅದೇ ಪಾತ್ರದಲ್ಲಿ ತಂದು ನಿಲ್ಲಿಸಿ ಪ್ರೇಕ್ಷಕರು ಹೊಂದಿಕೊಳ್ಳುವವರೆಗೆ ಕಾಯಬೇಕು. ಸಾಂಸಾರಿಕ ಧಾರಾವಾಹಿಗಳನ್ನು ನೋಡುವ ಕನ್ನಡದ ಪ್ರೇಕ್ಷಕರಿಗೂ ಈ ಮೂರೂ ಚಿರಪರಿಚಿತ. ಆದರೆ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳಿಗೆ ಇವುಗಳ ಜೊತೆಗೆ ಇನ್ನೂ ಹತ್ತಾರು ದಾರಿಗಳು ತೆರೆದಿರುತ್ತವೆ. ಅಲ್ಲಿ ಪಾತ್ರ ಭೂತಕಾಲಕ್ಕೆ ಹೋಗಬಹುದು, ದೇಹ ಬಿಟ್ಟು ಬೆಳಕಾಗಬಹುದು, ಹೊಸ ಶರೀರದಲ್ಲಿ ಹುಟ್ಟಿಬರಬಹುದು, ಇನ್ನೊಂದು ವಿಶ್ವದಲ್ಲಿ ಸಿಲುಕಿಕೊಳ್ಳಬಹುದು.

ಈ ಸೌಲಭ್ಯವೇ ಸಂಕಟಕ್ಕೂ ಮೂಲವಾಗಿದೆ. ಯಾರು ಬೇಕಾದರೂ ಮರಳಿ ಬರಬಹುದಾದ ಲೋಕದಲ್ಲಿ ವಿದಾಯಕ್ಕೆ ಬೆಲೆ ಉಳಿಯುವುದು ಹೇಗೆ? ಇಂಗ್ಲಿಷ್ ಭಾಷೆಯ ಇಂಥ ಸರಣಿಗಳ ಆರು ದಶಕಗಳ ಚರಿತ್ರೆಯನ್ನು ಅವಲೋಕಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ತಾವು ಕಟ್ಟಿದ ಲೋಕದ ನಿಯಮಕ್ಕೆ ಬದ್ಧರಾಗಿ, ಆ ನಿಯಮ ಕೇಳುವ ಬೆಲೆಯನ್ನು ತೆತ್ತವರ ವಿದಾಯಗಳು ಪ್ರೇಕ್ಷಕರ ನೆನಪಿನಲ್ಲಿ ಉಳಿದಿವೆ. ಅವಸರದಲ್ಲಿ ಪಾತ್ರವನ್ನು ಹೊರದಬ್ಬಿದವರು ಮುಂದೊಂದು ದಿನ ಆ ಸಾಲವನ್ನು ತೀರಿಸಬೇಕಾಗಿ ಬಂದಿದೆ.

ಮುಖ ಬದಲಾಯಿತು, ವ್ಯಕ್ತಿ ಉಳಿದ

ಬ್ರಿಟನ್ನಿನ ಬಿಬಿಸಿ ವಾಹಿನಿ 1963ರ ನವೆಂಬರ್ 23ರಂದು ಆರಂಭಿಸಿದ 'ಡಾಕ್ಟರ್ ಹೂ' ಸರಣಿಯ ನಾಯಕ ಕಾಲಯಂತ್ರದಲ್ಲಿ ಸಂಚರಿಸುವ ಅನ್ಯಗ್ರಹವಾಸಿ. ಮೂರು ವರ್ಷಗಳಲ್ಲಿ ಆ ಪಾತ್ರಧಾರಿ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಹದಗೆಟ್ಟಿತು. ನಾಯಕನಿಲ್ಲದೆ ಸರಣಿಯೇ ಇಲ್ಲ. 1966ರ ಅಕ್ಟೋಬರ್‌ನಲ್ಲಿ ಪ್ರಸಾರವಾದ 'ದಿ ಟೆಂತ್ ಪ್ಲಾನೆಟ್' ಕಥೆಯ ಕೊನೆಯಲ್ಲಿ ಬಳಲಿದ ವೃದ್ಧ ಡಾಕ್ಟರ್ ತನ್ನ ಯಾನದೊಳಗೆ ಕುಸಿದು ಬೀಳುತ್ತಾನೆ. ತೆರೆಯ ಮೇಲೆ ಬೆಳಕು ಆವರಿಸುತ್ತದೆ. ಬೆಳಕು ಇಳಿದಾಗ ಅಲ್ಲಿರುವುದು ಪ್ಯಾಟ್ರಿಕ್ ಟ್ರೌಟನ್ ಅವರ ಮುಖ.

ಈ ಉಪಾಯಕ್ಕೆ ಆಗ ಇನ್ನೂ ಸ್ಥಿರವಾದ ಹೆಸರೂ ಇರಲಿಲ್ಲ. ಇಂದು ಅಭಿಮಾನಿಗಳೆಲ್ಲ ಬಳಸುವ 'ರೀಜನರೇಷನ್', ಅಂದರೆ ಪುನರುತ್ಪತ್ತಿ ಎಂಬ ಪದ ಸರಣಿಯಲ್ಲಿ ಕೇಳಿಬಂದದ್ದು 1974ರಲ್ಲಿ. ಅಲ್ಲಿಂದೀಚೆಗೆ ಹತ್ತಕ್ಕೂ ಹೆಚ್ಚು ಕಲಾವಿದರು ಈ ಪಾತ್ರವನ್ನು ಹೊತ್ತಿದ್ದಾರೆ. 2017ರಲ್ಲಿ ಜೋಡಿ ವಿಟೇಕರ್ ಬಂದಾಗ ಡಾಕ್ಟರ್ ಹೆಣ್ಣೂ ಆದದ್ದು ಇದೇ ನಿಯಮದ ಬಲದಿಂದ. ಉಪಾಯ ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ ಅದರೊಳಗಿನ ನಷ್ಟ. ನೆನಪು ಮತ್ತು ಹೆಸರು ಮುಂದುವರಿದರೂ ಹಳೆಯ ಸ್ವಭಾವ, ನಡೆ, ನುಡಿ ಮರಳುವುದಿಲ್ಲ. ಪ್ರೇಕ್ಷಕ ಪ್ರತಿ ಬಾರಿಯೂ ಒಬ್ಬರನ್ನು ನಿಜವಾಗಿಯೇ ಕಳೆದುಕೊಳ್ಳುತ್ತಾನೆ.

ಅರ್ಥವಿಲ್ಲದ ಸಾವು, ತಡವಾದ ತಿದ್ದುಪಡಿ

ಅಮೆರಿಕದಲ್ಲಿ 1987ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಸರಣಿಯಲ್ಲಿ ಎಂಟರ್‌ಪ್ರೈಸ್ ನೌಕೆಯ ಭದ್ರತಾ ಮುಖ್ಯಸ್ಥೆ ತಾಷಾ ಯಾರ್. ಆ ಪಾತ್ರ ನಿರ್ವಹಿಸಿದ ಡೆನಿಸ್ ಕ್ರಾಸ್ಬಿ ತಮಗೆ ದೊರೆಯುತ್ತಿದ್ದ ಕೆಲಸ ಅತ್ಯಲ್ಪವೆಂದು ಬೇಸತ್ತು ಮೊದಲ ವರ್ಷದಲ್ಲೇ ಹೊರಹೋಗಲು ಬಯಸಿದರು. 1988ರ ಏಪ್ರಿಲ್‌ನಲ್ಲಿ ಪ್ರಸಾರವಾದ 'ಸ್ಕಿನ್ ಆಫ್ ಈವಿಲ್' ಕಂತಿನಲ್ಲಿ ಕಪ್ಪು ಎಣ್ಣೆಯಂಥ ದುಷ್ಟಜೀವಿಯೊಂದು ಆಕೆಯನ್ನು ಕ್ಷಣಮಾತ್ರದಲ್ಲಿ ಕೊಲ್ಲುತ್ತದೆ. ಹೋರಾಟವಿಲ್ಲ, ತ್ಯಾಗವಿಲ್ಲ, ಪೂರ್ವಸೂಚನೆಯೂ ಇಲ್ಲ.

ಕರ್ತವ್ಯದ ಮೇಲಿರುವ ಭದ್ರತಾ ಸಿಬ್ಬಂದಿಯ ಸಾವು ಹೀಗೆಯೇ ಬರುವುದು ಸಹಜವಲ್ಲವೇ ಎಂಬ ಸಮರ್ಥನೆಯೂ ಇದೆ. ನಿಜ ಬದುಕಿನಲ್ಲಿ ಮರಣ ಮುಹೂರ್ತ ನೋಡಿ ಬರುವುದಿಲ್ಲ. ಆದರೂ ಈ ಸಾವು ಅನೇಕರಿಗೆ ಅಪೂರ್ಣವೆನಿಸಿತು. ಅದಕ್ಕೆ ಉತ್ತರ ದೊರೆತದ್ದು 1990ರ ಫೆಬ್ರವರಿಯ 'ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್' ಕಂತಿನಲ್ಲಿ. ಹಿಂದಿನ ಕಾಲದ ನೌಕೆಯೊಂದು ವರ್ತಮಾನಕ್ಕೆ ಜಾರಿಬಂದ ಪರಿಣಾಮವಾಗಿ ಇತಿಹಾಸವೇ ಬದಲಾಗುತ್ತದೆ. ಆ ಬದಲಾದ ಇತಿಹಾಸದಲ್ಲಿ ತಾಷಾ ಬದುಕಿದ್ದಾಳೆ. ಸರಿಯಾದ ಕಾಲಗತಿಯಲ್ಲಿ ತಾನು ವ್ಯರ್ಥವಾಗಿ ಸತ್ತಿದ್ದೇನೆಂದು ಆಕೆಗೆ ತಿಳಿಯುತ್ತದೆ. ಆಗ ಆಕೆ ನಾಶವಾಗುವುದು ಖಚಿತವಾಗಿದ್ದ ಆ ಹಳೆಯ ನೌಕೆಯಲ್ಲಿ ತಾನೇ ಇಚ್ಛೆಪಟ್ಟು ಹೊರಡುತ್ತಾಳೆ.

ಸರಣಿಯೊಂದು ತಾನೇ ಬರೆದ ಸಾವು ಅರ್ಥಹೀನವಾಗಿತ್ತೆಂದು ತನ್ನ ಪಾತ್ರದ ಮುಂದೆಯೇ ಒಪ್ಪಿಕೊಂಡ ಅಪರೂಪದ ಪ್ರಸಂಗವಿದು. ಮೊದಲ ಸಾವನ್ನು ಅಳಿಸಿಹಾಕುವ ಸುಲಭದ ದಾರಿ ಕೈಯಲ್ಲಿದ್ದರೂ ಲೇಖಕರು ಅದನ್ನು ಹಿಡಿಯಲಿಲ್ಲ. ಪಾತ್ರಕ್ಕೆ ಮತ್ತೆ ಬದುಕನ್ನು ನೀಡುವ ಬದಲು ಆಯ್ಕೆಯನ್ನು ನೀಡಿದರು.

ಪ್ರೇಕ್ಷಕರಿಗೆ ಬೇಡವಾದ ಹುಡುಗರು

ಜನಪ್ರಿಯ ಪಾತ್ರವನ್ನು ಕಳುಹಿಸುವುದು ಒಂದು ಬಗೆಯ ಕಷ್ಟವಾದರೆ, ಪ್ರೇಕ್ಷಕರಲ್ಲಿ ಅನೇಕರು ಸಹಿಸದ ಪಾತ್ರವನ್ನು ಕಳುಹಿಸುವುದು ಇನ್ನೊಂದು ಬಗೆಯ ಕಷ್ಟ. ಅವಮಾನಿಸಿ ಕಳುಹಿಸಿದರೆ ಆ ಪಾತ್ರವನ್ನು ಮೆಚ್ಚಿದವರಿಗೆ ನೋವು. ವೈಭವದಿಂದ ಕಳುಹಿಸಿದರೆ ಉಳಿದವರಿಗೆ ಅದು ಢೋಂಗಿಯೆನಿಸುತ್ತದೆ.

ಅದೇ ಎಂಟರ್‌ಪ್ರೈಸ್ ನೌಕೆಯಲ್ಲಿದ್ದ ಬಾಲಪ್ರತಿಭೆ ವೆಸ್ಲಿ ಕ್ರಷರ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಸರಣಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ತಮ್ಮ ಹೆಸರಿನ ನಡುವಣ ಪದವನ್ನೇ ಈ ಪಾತ್ರಕ್ಕೆ ನೀಡಿದ್ದರು. ಪಳಗಿದ ಅಧಿಕಾರಿಗಳಿಗೆ ಹೊಳೆಯದ ಉಪಾಯ ಹುಡುಗನೊಬ್ಬನಿಗೆ ಮತ್ತೆ ಮತ್ತೆ ಹೊಳೆಯುವುದು ಅಭಿಮಾನಿಗಳಲ್ಲಿ ಒಂದು ವರ್ಗಕ್ಕೆ ಕಿರಿಕಿರಿ ಉಂಟುಮಾಡಿತು. ಆ ಸಿಟ್ಟು ಪಾತ್ರವನ್ನು ದಾಟಿ, ಸರಣಿ ಆರಂಭವಾದಾಗ ಕೇವಲ 15 ವರ್ಷದವರಾಗಿದ್ದ ನಟ ವಿಲ್ ವೀಟನ್ ಅವರನ್ನೂ ತಾಗಿತು. ಬರೆದವರು ಹಿರಿಯರು, ಬೈಗುಳ ತಿಂದದ್ದು ಹುಡುಗ. ಆ ದಿನಗಳ ನೋವನ್ನು ವೀಟನ್ ಮುಂದೆ ತಮ್ಮ ಬರಹಗಳಲ್ಲಿ ತೋಡಿಕೊಂಡಿದ್ದಾರೆ.

1990ರಲ್ಲಿ ವೀಟನ್ ಹೊರಬಂದಾಗ ವೆಸ್ಲಿಯನ್ನು ಅಕಾಡೆಮಿಗೆ ಓದಲು ಕಳುಹಿಸಲಾಯಿತು. ಆ ಪಾತ್ರದ ನಿಜವಾದ ವಿದಾಯ ಬಂದದ್ದು 1994ರ 'ಜರ್ನೀಸ್ ಎಂಡ್' ಕಂತಿನಲ್ಲಿ. ವೆಸ್ಲಿ ಅಕಾಡೆಮಿಯನ್ನು ತೊರೆದು, ಕಾಲ ದೇಶಗಳನ್ನು ಮೀರಿದ 'ಟ್ರಾವೆಲರ್' ಎಂಬ ಯಾತ್ರಿಕನ ಜೊತೆ ಹೊರಟುಹೋಗುತ್ತಾನೆ. ಈ ಯಾತ್ರಿಕ ಮೊದಲ ವರ್ಷದಲ್ಲೇ ಬಂದು, ಹುಡುಗನ ಪ್ರತಿಭೆಯನ್ನು ಸಂಗೀತಗಾರ ಮೊಜಾರ್ಟ್‌ಗೆ ಹೋಲಿಸಿದ್ದ. ಪ್ರೇಕ್ಷಕರನ್ನು ಕೆಣಕಿದ್ದ ಅತಿಶಯ ಪ್ರತಿಭೆಯೇ ಹೀಗೆ ನಿರ್ಗಮನಕ್ಕೂ ಕಾರಣವಾಯಿತು. ಸೈನಿಕ ಶಿಸ್ತಿನ ನೌಕೆ ಅವನಿಗೆ ತಕ್ಕ ಜಾಗವಾಗಿರಲಿಲ್ಲ ಎಂಬುದನ್ನು ಕಥೆ ತಾನಾಗಿಯೇ ಒಪ್ಪಿಕೊಂಡಂತಾಯಿತು.

'ಡಾಕ್ಟರ್ ಹೂ' ಸರಣಿಯ ಏಡ್ರಿಕ್ ಕೂಡ ಇಂಥದೇ ಗಣಿತ ಪ್ರವೀಣ ಹುಡುಗ. ಮ್ಯಾಥ್ಯೂ ವಾಟರ್‌ಹೌಸ್ ನಿರ್ವಹಿಸಿದ ಈ ಪಾತ್ರದ ಬಗ್ಗೆಯೂ ಅಭಿಮಾನಿಗಳಲ್ಲಿ ಒಮ್ಮತವಿರಲಿಲ್ಲ. 1982ರ ಮಾರ್ಚ್‌ನಲ್ಲಿ ಪ್ರಸಾರವಾದ 'ಅರ್ತ್‌ಶಾಕ್' ಕಥೆಯಲ್ಲಿ ಭೂಮಿಯತ್ತ ಧಾವಿಸುವ ಸರಕು ನೌಕೆಯ ನಿಯಂತ್ರಣ ಸಂಕೇತವನ್ನು ಬಿಡಿಸುತ್ತಿರುವಾಗಲೇ ಏಡ್ರಿಕ್ ಸಾಯುತ್ತಾನೆ. ನೌಕೆ ಕಾಲದಲ್ಲಿ ಹಿಂದಕ್ಕೆ ಜಾರಿದ್ದು, ಅದರ ಅಪ್ಪಳಿಕೆಯೇ ಡೈನೋಸಾರ್‌ಗಳ ಅಳಿವಿಗೆ ಕಾರಣವಾಗುತ್ತದೆ. ಪ್ರತಿ ಕಂತಿನ ಕೊನೆಗೆ ಮೊಳಗುತ್ತಿದ್ದ ಶೀರ್ಷಿಕೆ ಸಂಗೀತ ಅಂದು ಕೇಳಿಸಲಿಲ್ಲ. ಒಡೆದುಹೋದ ಅವನ ಗಣಿತ ಪದಕದ ಚಿತ್ರದ ಮೇಲೆ ಕಲಾವಿದರ ಹೆಸರುಗಳು ಮೌನವಾಗಿ ಸಾಗಿದವು.

ಡಾಕ್ಟರ್ ಬಳಿ ಕಾಲಯಂತ್ರವಿದೆ, ಹಿಂದಿರುಗಿ ಹುಡುಗನನ್ನು ಉಳಿಸಬಾರದೇ ಎಂಬ ಪ್ರಶ್ನೆ ಪ್ರೇಕ್ಷಕರಲ್ಲಿ ಏಳುವುದು ಸಹಜ. ಮುಂದಿನ ಕಥೆಯ ಆರಂಭದಲ್ಲೇ ಸಂಗಾತಿಗಳು ಅದನ್ನು ಕೇಳುತ್ತಾರೆ. ಕೆಲವು ನಿಯಮಗಳನ್ನು ತಾನು ಮುರಿಯಲಾರೆನೆಂದು ಡಾಕ್ಟರ್ ನಿರಾಕರಿಸುತ್ತಾನೆ. ಆ ಒಂದು ನಿರಾಕರಣೆ ಇಲ್ಲದಿದ್ದಲ್ಲಿ ಅಂದಿನ ಮೌನಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಪರಕಾಯ ಪ್ರವೇಶ ಮತ್ತು ಮರುಹುಟ್ಟು

ನಮ್ಮ ಪುರಾಣಗಳ ಪರಕಾಯ ಪ್ರವೇಶವನ್ನು ನೆನಪಿಸುವ ನಿಯಮವೊಂದು 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಸರಣಿಯಲ್ಲಿದೆ. ಅಲ್ಲಿನ ಟ್ರಿಲ್ ಜನಾಂಗದ ಕೆಲವರ ದೇಹದೊಳಗೆ ಶತಮಾನಗಳ ಕಾಲ ಬಾಳುವ ಇನ್ನೊಂದು ಜೀವಿ ನೆಲೆಸಿರುತ್ತದೆ. ದೇಹ ಸತ್ತರೆ ಆ ಜೀವಿ ಎಲ್ಲ ನೆನಪುಗಳೊಂದಿಗೆ ಮತ್ತೊಂದು ದೇಹಕ್ಕೆ ಹೋಗುತ್ತದೆ. ಆರು ವರ್ಷ ಜಾಡ್ಜಿಯಾ ಡ್ಯಾಕ್ಸ್ ಆಗಿ ನಟಿಸಿದ ಟೆರಿ ಫಾರೆಲ್ ಮತ್ತು ನಿರ್ಮಾಪಕರ ನಡುವೆ ಮುಂದಿನ ಒಪ್ಪಂದ ಏರ್ಪಡದಿದ್ದಾಗ, 1998ರ ಜೂನ್‌ನಲ್ಲಿ ಪಾತ್ರವನ್ನು ಸಾಯಿಸಲಾಯಿತು. ಕೊನೆಯ ವರ್ಷಕ್ಕೆ ನಿಕೋಲ್ ಡಿ ಬೋಯರ್ ಎಜ್ರಿ ಡ್ಯಾಕ್ಸ್ ಆಗಿ ಬಂದರು.

ಇಲ್ಲಿ ಲೇಖಕರು ಸುಲಭದ ಮಾರ್ಗ ಹಿಡಿಯಲಿಲ್ಲ ಎಂಬುದು ಗಮನಾರ್ಹ. ಜಾಡ್ಜಿಯಾಳ ಪತಿ ವೋರ್ಫ್ ಮುಂದೆ ನಿಂತ ಯುವತಿಗೆ ಅವರ ದಾಂಪತ್ಯದ ಪ್ರತಿ ನೆನಪೂ ಇದೆ, ಆದರೆ ಆಕೆ ಅವನ ಹೆಂಡತಿಯಲ್ಲ. ಹೆಂಡತಿಗಾಗಿ ಶೋಕಿಸಬೇಕೋ, ಆಕೆ ಬದುಕಿದ್ದಾಳೆಂದು ಭಾವಿಸಬೇಕೋ ತಿಳಿಯದ ಅವನ ತಳಮಳ, ಬದಲಿ ನಟಿಯನ್ನು ನೋಡುತ್ತಿದ್ದ ಪ್ರೇಕ್ಷಕನ ತಳಮಳವೂ ಆಗಿತ್ತು.

ಇದಕ್ಕೆ ವ್ಯತಿರಿಕ್ತವಾದದ್ದು 'ಸ್ಟಾರ್‌ಗೇಟ್ ಎಸ್‌ಜಿ-1' ಸರಣಿಯ ಡೇನಿಯಲ್ ಜಾಕ್ಸನ್ ಪ್ರಕರಣ. ನಟ ಮೈಕೆಲ್ ಶ್ಯಾಂಕ್ಸ್ ಹೊರಹೋದಾಗ, 2002ರ 'ಮೆರಿಡಿಯನ್' ಕಂತಿನಲ್ಲಿ ಮಾರಕ ವಿಕಿರಣಕ್ಕೆ ಒಳಗಾದ ಡೇನಿಯಲ್ ದೇಹ ತ್ಯಜಿಸಿ ಉನ್ನತ ಅಸ್ತಿತ್ವಕ್ಕೆ ಏರುತ್ತಾನೆ. ವಿದಾಯ ಮನಮುಟ್ಟುವಂತಿತ್ತು. ಆದರೆ ಅಭಿಮಾನಿಗಳು ಅವನ ಮರಳುವಿಕೆಗಾಗಿ ಒತ್ತಾಯಿಸಿದರು. 2003ರಲ್ಲಿ ನಟ ಹಿಂದಿರುಗಿದರು, ಪಾತ್ರವೂ ಮರಳಿ ದೇಹ ಧರಿಸಿತು. ಅವನ ಜಾಗಕ್ಕೆ ಬಂದಿದ್ದ ಜೋನಸ್ ಕ್ವಿನ್ ತನ್ನ ಗ್ರಹಕ್ಕೆ ವಾಪಸಾದ. ಅಭಿಮಾನಿಗಳ ಅಪೇಕ್ಷೆ ಈಡೇರಿತಾದರೂ, ಡೇನಿಯಲ್ ಸತ್ತು ಬದುಕುವುದು ಮುಂದೆ ಸರಣಿಯೊಳಗೇ ತಮಾಷೆಯ ಮಾತಾಯಿತು. ಸಾವು ಅಗ್ಗವಾಗುವುದೆಂದರೆ ಇದೇ.

ತೆರೆಯ ಹಿಂದೆ ಉಳಿದ ಸತ್ಯ

ಈ ಎಲ್ಲ ಪ್ರಸಂಗಗಳಿಗಿಂತ ಭಿನ್ನವಾದದ್ದು 'ಬ್ಯಾಬಿಲಾನ್ 5' ಸರಣಿಯ ನಾಯಕನ ಕಥೆ. ಐದು ವರ್ಷಗಳ ಒಂದೇ ಕಥಾಹಂದರವನ್ನು ಮೊದಲೇ ಯೋಜಿಸಿದ್ದ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ 110 ಕಂತುಗಳ ಪೈಕಿ 92ನ್ನು ತಾವೇ ಬರೆದರು. ಯಾವ ನಟ ಯಾವಾಗ ಹೊರಹೋದರೂ ಕಥೆ ಕುಸಿಯದಿರಲೆಂದು ಮುಖ್ಯ ಪಾತ್ರಗಳಿಗೆಲ್ಲ ಅವರು ಒಂದೊಂದು ಗುಪ್ತದ್ವಾರವನ್ನು ಇಟ್ಟಿದ್ದರು. 1994ರಲ್ಲಿ ಮೊದಲ ವರ್ಷದ ಕಂತುಗಳು ಮುಗಿದೊಡನೆ ನಾಯಕ ಜೆಫ್ರಿ ಸಿಂಕ್ಲೇರ್ ಪಾತ್ರಧಾರಿ ಮೈಕೆಲ್ ಓಹೇರ್ ನಿರ್ಗಮಿಸಿದರು. ಬ್ರೂಸ್ ಬಾಕ್ಸ್‌ಲೈಟ್ನರ್ ಹೊಸ ನಾಯಕರಾಗಿ ಬಂದರು. ಸಿಂಕ್ಲೇರ್ ಮಿನ್ಬಾರಿ ಎಂಬ ಅನ್ಯಗ್ರಹ ಜನಾಂಗದ ಬಳಿಗೆ ರಾಯಭಾರಿಯಾಗಿ ಹೋದನೆಂದು ಕಥೆಯಲ್ಲಿ ಹೇಳಲಾಯಿತು.

1996ರ 'ವಾರ್ ವಿದೌಟ್ ಎಂಡ್' ಎಂಬ ಎರಡು ಭಾಗಗಳ ಕಂತಿನಲ್ಲಿ ಓಹೇರ್ ಮರಳಿದರು. ಸಿಂಕ್ಲೇರ್ ಸಾವಿರ ವರ್ಷ ಹಿಂದಕ್ಕೆ ಹೋಗಿ, ಮಿನ್ಬಾರಿಗಳು ಪೂಜಿಸುವ ವಾಲೆನ್ ಎಂಬ ಮಹಾಪುರುಷ ತಾನೇ ಆಗುತ್ತಾನೆ. ಮೊದಲ ವರ್ಷದಲ್ಲಿ ಕಾಡಿದ್ದ ಒಗಟೊಂದಕ್ಕೆ ಆ ಮೂಲಕ ಉತ್ತರ ದೊರೆಯಿತು. ಹೊರಹೋದವನು ಕಥೆಯ ಅಡಿಗಲ್ಲೇ ಆಗಿದ್ದ.

ಆದರೆ ನಟ ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ಸುಮಾರು ಎರಡು ದಶಕ ಉತ್ತರವಿರಲಿಲ್ಲ. ಊಹಾಪೋಹಗಳಷ್ಟೇ ಇದ್ದವು. 2012ರ ಸೆಪ್ಟೆಂಬರ್‌ನಲ್ಲಿ ಓಹೇರ್ ನಿಧನರಾದರು. ಮರುವರ್ಷ ಅಭಿಮಾನಿಗಳ ಸಮಾವೇಶವೊಂದರಲ್ಲಿ ಸ್ಟ್ರಾಜಿನ್ಸ್ಕಿ ಸತ್ಯವನ್ನು ಹೊರಗೆಡಹಿದರು. ಮೊದಲ ವರ್ಷದ ಚಿತ್ರೀಕರಣದ ಸಮಯದಲ್ಲೇ ಓಹೇರ್ ತೀವ್ರ ಮಾನಸಿಕ ಕಾಯಿಲೆಗೆ ತುತ್ತಾಗಿ ಭ್ರಮೆಗಳಿಂದ ನರಳುತ್ತಿದ್ದರು. ಚಿಕಿತ್ಸೆಗಾಗಿ ಚಿತ್ರೀಕರಣವನ್ನೇ ನಿಲ್ಲಿಸೋಣವೆಂದು ಸ್ಟ್ರಾಜಿನ್ಸ್ಕಿ ಹೇಳಿದಾಗ, ಸಹೋದ್ಯೋಗಿಗಳ ಕೆಲಸಕ್ಕೆ ಕುತ್ತು ಬರುವುದೆಂದು ಓಹೇರ್ ಒಪ್ಪಲಿಲ್ಲ. ಕಷ್ಟಪಟ್ಟು ಆ ವರ್ಷವನ್ನು ಪೂರೈಸಿದರು. ಗುಟ್ಟನ್ನು ತಾನು ಸಾಯುವವರೆಗೂ ಕಾಪಾಡುವೆನೆಂದು ಸ್ಟ್ರಾಜಿನ್ಸ್ಕಿ ಮಾತು ಕೊಟ್ಟಾಗ, ಅಷ್ಟು ಬೇಡ, ತನ್ನ ಸಾವಿನವರೆಗೆ ಸಾಕು, ಆನಂತರ ತಿಳಿದರೆ ಇತರರಿಗೆ ಉಪಯೋಗವಾದೀತು ಎಂಬುದು ಓಹೇರ್ ಅವರ ಇಚ್ಛೆಯಾಗಿತ್ತು.

ಧಾರಾವಾಹಿಯ ಪಾತ್ರವೊಂದು ಏಕಾಏಕಿ ಮಾಯವಾದಾಗ ಪ್ರೇಕ್ಷಕರು ಕಥೆಗಾರನನ್ನು ಪ್ರಶ್ನಿಸುವುದು ನ್ಯಾಯವೇ. ಅವನು ಕಟ್ಟಿದ ಲೋಕದ ನಿಯಮಕ್ಕೆ ಅವನೇ ಉತ್ತರದಾಯಿ. ಆದರೆ ನಟನ ಬಗ್ಗೆ ಅಷ್ಟೇ ಬೇಗ ತೀರ್ಪು ನೀಡುವುದು ಸರಿಯಲ್ಲವೆಂಬುದನ್ನು ವೀಟನ್ ಮತ್ತು ಓಹೇರ್ ಇಬ್ಬರ ಅನುಭವವೂ ಹೇಳುತ್ತದೆ. ಒಬ್ಬ ಹುಡುಗ ತಾನು ಬರೆಯದ ಮಾತುಗಳಿಗಾಗಿ ದ್ವೇಷ ಸಹಿಸಿದ. ಒಬ್ಬ ಕಲಾವಿದ ಯಾರ ಕೆಲಸವೂ ಹೋಗದಿರಲೆಂದು ತನ್ನ ಕಾಯಿಲೆಯನ್ನು ಅದುಮಿಟ್ಟುಕೊಂಡು ನಟಿಸಿದ. ಬಾಹ್ಯಾಕಾಶದ ಕಥೆಗಳಲ್ಲಿ ಸತ್ತವರನ್ನು ಮರಳಿ ಕರೆತರುವ ಉಪಾಯಗಳು ನೂರಿವೆ. ಓಹೇರ್ ಅವರ ವಿಷಯದಲ್ಲಿ ಅಭಿಮಾನಿಗಳಿಗೆ ಸತ್ಯ ತಿಳಿಯುವ ಹೊತ್ತಿಗೆ, ಅವರನ್ನು ಕಂಡು ಧನ್ಯವಾದ ಹೇಳುವ ಕಾಲ ಮೀರಿತ್ತು.