ರಾತ್ರಿ ಅವನ ಬಳಿ ಯಾರಿರುತ್ತಾರೆ?

ಹುಮನಾಬಾದಿನ ಒಬ್ಬ ತಾಯಿ ನನಗೆ ಹಲವು ವರ್ಷಗಳಿಂದ ಪರಿಚಯ. ಅವರ ಕಿರಿಯ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಹಿರಿಯ ಮಗನಿಗೆ ಈಗ ಇಪ್ಪತ್ತೊಂಬತ್ತು ವರ್ಷ. ಹುಟ್ಟಿನಿಂದಲೇ ಬುದ್ಧಿಮಾಂದ್ಯ. ನಾಲ್ಕೈದು ಪದಗಳಿಗಿಂತ ಹೆಚ್ಚು ಮಾತು ಬಾರದು, ಸ್ನಾನವನ್ನೂ ತಾಯಿಯೇ ಮಾಡಿಸಬೇಕು. ಜೊತೆಗೆ ಆಗಾಗ ಫಿಟ್ಸ್. ತಂದೆ ತೀರಿಹೋಗಿದ್ದಾರೆ, ತಾಯಿಗೆ ಮಂಡಿನೋವು. ಬಂಧುಗಳ ಒತ್ತಾಯಕ್ಕೆ ಅವರು ದೂರದ ನಗರವೊಂದರ ವಸತಿ ಕೇಂದ್ರ ನೋಡಲು ಹೊರಟಾಗ ಬಸವಕಲ್ಯಾಣದಿಂದ ನನ್ನನ್ನೂ ಕರೆಸಿಕೊಂಡರು.

ಕಟ್ಟಡವೇನೋ ಚೆನ್ನಾಗಿತ್ತು. ನುಣುಪಾದ ನೆಲ, ಗೋಡೆಯ ಮೇಲೆ ದಾನಿಗಳ ಹೆಸರುಗಳು, ಸ್ವಚ್ಛವಾದ ಅಡುಗೆಮನೆ. ನಾನು ಅದನ್ನೆಲ್ಲ ನೋಡಿ ಮೆಚ್ಚಿಕೊಳ್ಳುತ್ತಿದ್ದೆ. ಆ ತಾಯಿ ಮಾತ್ರ ಹೊರಡುವ ಮುನ್ನ ಒಂದೇ ಪ್ರಶ್ನೆ ಕೇಳಿದರು: "ಭಾಯಿಜಾನ್, ರಾತ್ರಿ ಇವರ ಬಳಿ ಯಾರಿರುತ್ತಾರೆ?"

"ವಾಚ್‌ಮನ್ ಇದ್ದಾನಲ್ಲ!" ಎಂದರು ಮೇಲ್ವಿಚಾರಕರು.

ಮೂವತ್ತಕ್ಕೂ ಹೆಚ್ಚು ಮಂದಿಗೆ ಒಬ್ಬ ವಾಚ್‌ಮನ್, ಅವನೂ ಗೇಟಿನ ಬಳಿ. "ಆಪಾ, ನನ್ನ ಮಗನಿಗೆ ಫಿಟ್ಸ್ ಬರುವುದೇ ರಾತ್ರಿ ಹೊತ್ತು" ಎಂದು ಬಸ್ಸಿನಲ್ಲಿ ಅವರು ಕಣ್ಣೊರೆಸಿಕೊಂಡರು. ಬಿ.ಎ. ಓದಿದ ನನಗೆ ಹೊಳೆಯದ ಪ್ರಶ್ನೆ ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ ಹೊಳೆದಿತ್ತು.

ಸಹೋದರಿಯರೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ಮಗ ಅಥವಾ ಮಗಳು ಇರಬಹುದು. ನಾವು ಅವರನ್ನು 'ಭೋಲಾ' ಎನ್ನುತ್ತೇವೆ. ಕೆಲವರು ನಿರ್ದಯವಾಗಿ 'ಪಾಗಲ್' ಎಂದೂ ಕರೆಯುತ್ತಾರೆ. ಇವೆರಡೂ ಬೇರೆ ಬೇರೆ. ಮಾನಸಿಕ ಕಾಯಿಲೆ ಯಾರಿಗೂ ಯಾವ ವಯಸ್ಸಿನಲ್ಲೂ ಬರಬಹುದು, ಔಷಧಿಯಿಂದ ಹತೋಟಿಗೂ ಬರಬಹುದು. ಬುದ್ಧಿಮಾಂದ್ಯತೆ ಬಾಲ್ಯದಿಂದಲೇ ಇರುವ ಸ್ಥಿತಿ. ಅದಕ್ಕೆ ಬೇಕಾದದ್ದು ಕಲಿಕೆ ಮತ್ತು ಆಸರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಬುದ್ಧಿಮಾಂದ್ಯತೆಯನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇವರಿಗೆ ಅನ್ವಯಿಸುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದರ ಪ್ರಕಾರ ಇಂಥ ಸಂಸ್ಥೆಗಳು ನೋಂದಣಿ ಪ್ರಮಾಣಪತ್ರವಿಲ್ಲದೆ ನಡೆಯುವಂತಿಲ್ಲ. ತಮ್ಮ ಸುಪರ್ದಿಯಲ್ಲಿರುವವರಿಗೆ ಬೇಕೆಂದೇ ಅನ್ನ ನೀರು ಕೊಡದವರಿಗೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲು ಶಿಕ್ಷೆಯಿದೆ.

ನೋಡಿಕೊಳ್ಳುವವರು ಕಡಿಮೆಯಾದರೆ ಏನಾಗುತ್ತದೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಅವರು ಮಾನಸಿಕ ರೋಗಿಗಳು. ಅಲ್ಲಿನ ದರ್ಗಾದಲ್ಲಿ ಗುಣವಾಗಲಿ ಎಂದು ಮನೆಯವರು ತಂದು ಬಿಟ್ಟಿದ್ದರು. ಕಾಲಿಗೆ ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. ಕಾಯುವ ಕೈಗಳಿಲ್ಲದ ಕಡೆ ಅವುಗಳ ಕೆಲಸವನ್ನು ಸರಪಳಿ ಮಾಡುತ್ತದೆ. ಇನ್ನು ದಿಲ್ಲಿಯ 'ಆಶಾ ಕಿರಣ್' ಬುದ್ಧಿಮಾಂದ್ಯರಿಗೆಂದೇ ಇರುವ ಸರಕಾರಿ ಆಶ್ರಯ. 2024ರ ಜುಲೈ ತಿಂಗಳೊಂದರಲ್ಲೇ ಅಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತಾಗ, ಸಾಮರ್ಥ್ಯಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಅಲ್ಲಿ ತುಂಬಿರುವ ಸಂಗತಿ ಹೈಕೋರ್ಟಿನ ಮುಂದೆ ಬಂತು. ಹಣವಿದ್ದರೆ ಸರಿಹೋದೀತೆಂದು ಭಾವಿಸಬೇಡಿ. ಇಂಗ್ಲೆಂಡಿನ ವಿಂಟರ್‌ಬೋರ್ನ್ ವ್ಯೂ ಎಂಬ ದುಬಾರಿ ಖಾಸಗಿ ಆಸ್ಪತ್ರೆಯಲ್ಲಿ ಸಿಬ್ಬಂದಿಯೇ ಇಂಥವರನ್ನು ಹೊಡೆದು ಹಿಂಸಿಸುತ್ತಿದ್ದುದನ್ನು 2011ರಲ್ಲಿ ಬಿಬಿಸಿ ಗುಪ್ತವಾಗಿ ಚಿತ್ರೀಕರಿಸಿ ತೋರಿಸಿತು. ಹನ್ನೊಂದು ಮಂದಿಗೆ ಶಿಕ್ಷೆಯಾಯಿತು.

"ಊಟ ಮಾಡಿಸಿ ಮಲಗಿಸಲು ತರಬೇತಿ ಯಾಕೆ? ದಯೆ ಇದ್ದರೆ ಸಾಲದೇ?" ಎಂದು ನೀವು ಕೇಳಬಹುದು. ಸಾಲದು. ಫಿಟ್ಸ್ ಬಂದಾಗ ದಯೆಯುಳ್ಳವರೇ ಓಡಿ ಬಂದು ಕೈಗೆ ಕಬ್ಬಿಣದ ಕೀಲಿ ಕೊಡುತ್ತಾರೆ, ಚಪ್ಪಲಿ ಮೂಸಿಸುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಕಲಿತವರು ಬಾಯಿಗೆ ಏನನ್ನೂ ಹಾಕುವುದಿಲ್ಲ. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡುತ್ತಾರೆ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯುತ್ತಾರೆ. ಮಾತು ಬಾರದವನು ಗೋಡೆಗೆ ತಲೆ ಚಚ್ಚಿಕೊಂಡರೆ ಕಲಿಯದವರಿಗೆ ಅದು ಹಠ. ಕಲಿತವರು ಮೊದಲು ಅವನ ಹಲ್ಲು, ಕಿವಿ, ಹೊಟ್ಟೆ ನೋಡುತ್ತಾರೆ. ಹೇಳಲಾಗದ ನೋವು ಹಾಗೆ ಹೊರಬರುವುದುಂಟು. ಯಾವ ಮಾತ್ರೆ ಯಾವ ಹೊತ್ತಿಗೆ ಕೊಟ್ಟದ್ದು ಎಂದು ಬರೆದಿಡುವುದು, ನುಂಗಲು ಕಷ್ಟಪಡುವವರನ್ನು ನೇರವಾಗಿ ಕೂರಿಸಿ ಉಣಿಸುವುದು, ಇವೆಲ್ಲ ಕಲಿತು ಬರುವ ವಿದ್ಯೆಗಳು. ಹೆಣ್ಣುಮಕ್ಕಳಾದರೆ ಸ್ನಾನ, ಶೌಚ, ಮುಟ್ಟಿನ ದಿನಗಳ ಆರೈಕೆಗೆ ಹಗಲೂ ರಾತ್ರಿಯೂ ಮಹಿಳಾ ಸಿಬ್ಬಂದಿಯೇ ಇರಬೇಕು. ಇದರಲ್ಲಿ ಸಂಕೋಚಪಟ್ಟು ಸುಮ್ಮನಾಗಬೇಡಿ, ಬಾಯಿಬಿಟ್ಟು ಕೇಳಿ.

ಇದು ನಮಗೆ ಹೊಸ ವಿಚಾರವೂ ಅಲ್ಲ. ಉಮಯ್ಯದ್ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ (ಆಳ್ವಿಕೆ ಕ್ರಿ.ಶ. 705ರಿಂದ 715) ನಡೆಯಲಾಗದ ಪ್ರತಿಯೊಬ್ಬನಿಗೂ ಒಬ್ಬ ಸೇವಕನನ್ನು, ಪ್ರತಿಯೊಬ್ಬ ಅಂಧನಿಗೂ ಒಬ್ಬ ದಾರಿ ತೋರುವವನನ್ನು ನೇಮಿಸಿದನೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಮದ್ರಸಾದಲ್ಲಿ ಇದನ್ನು ಓದುವಾಗ ನಾನು ಖಲೀಫನ ಔದಾರ್ಯವನ್ನಷ್ಟೇ ಕಂಡಿದ್ದೆ. ಒಬ್ಬನಿಗೆ ಒಬ್ಬ ಎಂಬ ಲೆಕ್ಕ ಕಣ್ಣಿಗೆ ಬಿದ್ದದ್ದು ಆ ವಾಚ್‌ಮನ್‌ನನ್ನು ನೋಡಿದ ಮೇಲೆ.

ವಿಶೇಷ ಶಿಕ್ಷಕರು, ಮನಶ್ಶಾಸ್ತ್ರಜ್ಞರು ಮುಂತಾದವರ ಹೆಸರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಮಂಡಳಿಯ ರಿಜಿಸ್ಟರ್‌ನಲ್ಲಿ ಇರಬೇಕು. ಯಾವುದೇ ಕೇಂದ್ರಕ್ಕೆ ಹೋದರೂ ಆ ನೋಂದಣಿ ಸಂಖ್ಯೆ ತೋರಿಸಲು ಹೇಳಿ. ಆರೈಕೆ ಮಾಡುವವರಿಗೂ ಈ ಮಂಡಳಿ ಮಾನ್ಯ ಮಾಡಿದ ಸರ್ಟಿಫಿಕೇಟ್ ಕೋರ್ಸ್ ಇದೆ. ಬುದ್ಧಿಮಾಂದ್ಯರಿಗಾಗಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಇರುವುದು ಸಿಕಂದರಾಬಾದಿನಲ್ಲಿ, ನಮ್ಮೂರನ್ನು ಹಾದುಹೋಗುವ ಅದೇ ಹೆದ್ದಾರಿಯ ದಾರಿಯಲ್ಲಿ. ಮದುವೆಯ ಬಟ್ಟೆ ಖರೀದಿಗೆ ಹೈದರಾಬಾದಿಗೆ ಹೋಗಿಬರುವ ನಾವು, ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯರನ್ನು ಈ ವಿದ್ಯೆ ಕಲಿಯಲು ಕಳುಹಿಸುವ ಯೋಚನೆಯನ್ನೇ ಮಾಡಿಲ್ಲ. ಇದನ್ನು ಆಯಾ ಕೆಲಸವೆಂದು ಮೂಗು ಮುರಿಯುವವರೂ ನಾವೇ.

ಇನ್ನೊಂದು ಮಾತು. ಮಗನಿಗೆ ಹದಿನೆಂಟು ತುಂಬಿದ ಮೇಲೆ ತಾಯಿಯಾದ ಮಾತ್ರಕ್ಕೆ ನೀವು ಅವನ ಕಾನೂನುಬದ್ಧ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಯ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವದ ಆದೇಶ ಪಡೆಯಬೇಕು. ಆಸ್ತಿಯ ಪಾಲು ಇದ್ದವರಂತೂ ತಡಮಾಡಬಾರದು. ವ್ಯವಹಾರ ತಿಳಿಯದವರ ಸೊತ್ತಿನಿಂದ ಅವರಿಗೆ ಉಣಿಸಿ, ಉಡಿಸಿ, ಒಳ್ಳೆಯ ಮಾತಾಡಿ ಎಂಬರ್ಥದ ಆದೇಶ ಸೂರಃ ಅನ್ನಿಸಾದಲ್ಲೇ ಇದೆ.

ಹುಮನಾಬಾದಿನ ಆ ತಾಯಿ ಬೀದರಿಗೆ ಹೋಗಿ ಅರ್ಜಿ ಕೊಟ್ಟು ಬಂದಿದ್ದಾರೆ. ಒಳ್ಳೆಯ ಕೇಂದ್ರದ ಹುಡುಕಾಟ ಇನ್ನೂ ನಡೆದಿದೆ. ಮುಂದೆ ಮಗನನ್ನು ನೋಡಿಕೊಳ್ಳುವವರು ಯಾರೇ ಆಗಲಿ, ಅವರ ಕೈಗೆ ಕೊಡಲೆಂದು ಮೊನ್ನೆ ನನ್ನಿಂದ ಎರಡು ಪುಟ ಬರೆಸಿಕೊಂಡರು. ಉರ್ದುವಿನಲ್ಲಿ ಅವರು ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಬರೆದೆ. ಫಿಟ್ಸ್ ಮಾತ್ರೆಯ ಹೆಸರು ಮತ್ತು ಹೊತ್ತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ಕೊಡಬೇಕು. ಕತ್ತಲೆಗೆ ಹೆದರುತ್ತಾನೆ, ದೀಪ ಆರಿಸಬಾರದು. ಎಡಗೆನ್ನೆಯನ್ನು ಹಿಡಿದು 'ಬಾ ಬಾ' ಎಂದರೆ ಯಾರನ್ನೂ ಕರೆಯುತ್ತಿಲ್ಲ, ಹಲ್ಲು ನೋಯುತ್ತಿದೆ ಎಂದರ್ಥ.